ಒಂದು ವಾರ್ಡ್ ತೆರವಾದರೆ ಉಪಚುನಾವಣೆ, ಇಡೀ ಜಿಲ್ಲಾ ಪಂಚಾಯಿತಿ ತೆರವಾದರೆ?

'ಮರಣ, ರಾಜೀನಾಮೆ ಹಾಗೂ ಇತರೆ ಕಾರಣಗಳಿಂದ ತೆರವಾಗಿರುವ ಸ್ಥಾನಗಳಿಗೆ ಉಪಚುನಾವಣೆ' ಎಂಬ ಸಾಲು ವರ್ಷಕ್ಕೊಂದೆರಡು ಬಾರಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಯಾವುದೋ ಗ್ರಾಮ ಪಂಚಾಯಿತಿಯ ಒಂದು ಸ್ಥಾನ, ಇನ್ನಾವುದೋ ಪುರಸಭೆಯ ಒಂದು ವಾರ್ಡ್. ಅಷ್ಟಕ್ಕೇ ನಾಮಪತ್ರ, ಪರಿಶೀಲನೆ, ನೀತಿಸಂಹಿತೆ, ಮತಗಟ್ಟೆ, ಪೊಲೀಸ್ ಬಂದೋಬಸ್ತ್ ಎಲ್ಲವೂ ಸಜ್ಜಾಗುತ್ತದೆ. ಅದೇ ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿಸಿದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳು ಒಬ್ಬ ಸದಸ್ಯನೂ ಇಲ್ಲದೆ ವರ್ಷಗಟ್ಟಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ನಾನೂರು ಜನರಿಗೊಬ್ಬ ಪ್ರತಿನಿಧಿ ಇಲ್ಲವೆಂದರೆ ಚುನಾವಣೆ ನಡೆಯುತ್ತದೆ. ಇಡೀ ಜಿಲ್ಲೆಗೆ ಪ್ರತಿನಿಧಿಗಳೇ ಇಲ್ಲವೆಂದರೆ ಏಕೆ ನಡೆಯುವುದಿಲ್ಲ? ಓದುಗರನ್ನು ಗೊಂದಲಕ್ಕೆ ದೂಡುವ ಪ್ರಶ್ನೆ ಇದು. ಉತ್ತರ ಸಿಗಬೇಕಾದರೆ ಒಂದು ಸ್ಥಾನ ತೆರವಾಗುವುದಕ್ಕೂ ಒಂದು ಸಂಸ್ಥೆಯೇ ತೆರವಾಗುವುದಕ್ಕೂ ಕಾನೂನಿನಲ್ಲಿ ಇರುವ ವ್ಯತ್ಯಾಸವನ್ನು ನೋಡಬೇಕು.

ಸ್ಥಾನ ತೆರವಾಗುವುದು ಹೇಗೆ

ಸಾವು ಮತ್ತು ರಾಜೀನಾಮೆ ಎಲ್ಲರಿಗೂ ಗೊತ್ತಿರುವ ಕಾರಣಗಳು. ಗ್ರಾಮ ಪಂಚಾಯಿತಿ ಸದಸ್ಯರು ಅಧ್ಯಕ್ಷರಿಗೆ ರಾಜೀನಾಮೆ ಕೊಡಬೇಕು. ಅಧ್ಯಕ್ಷರೇ ಹುದ್ದೆ ಬಿಡುವುದಾದರೆ ಉಪವಿಭಾಗಾಧಿಕಾರಿಗೆ ಕೊಡಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಅಧ್ಯಕ್ಷಗಿರಿಗೆ ಮಾತ್ರ ರಾಜೀನಾಮೆ ಕೊಟ್ಟವರು ಸದಸ್ಯರಾಗಿ ಮುಂದುವರಿಯುತ್ತಾರೆ. ಆ ಹುದ್ದೆಗೆ ಉಳಿದ ಸದಸ್ಯರೇ ಸೇರಿ ಇನ್ನೊಬ್ಬರನ್ನು ಆರಿಸುತ್ತಾರೆಯೇ ಹೊರತು ಊರಿನವರು ಮತ ಹಾಕುವ ಪ್ರಸಂಗ ಬರುವುದಿಲ್ಲ. 'ಅಧ್ಯಕ್ಷರು ರಾಜೀನಾಮೆ ಕೊಟ್ಟರಲ್ಲ, ಉಪಚುನಾವಣೆ ಯಾವಾಗ' ಎಂದು ಕೇಳುವವರಿಗೆ ಉತ್ತರ ಇಷ್ಟೆ.

ಇನ್ನುಳಿದ ಕಾರಣಗಳು 'ಇತರೆ' ಎಂಬ ಒಂದು ಪದದಲ್ಲಿ ಅಡಗಿರುತ್ತವೆ. ಅನುಮತಿ ಪಡೆಯದೆ ಸಭೆಗಳಿಗೆ ಸತತವಾಗಿ ಗೈರಾಗುವುದು, ದುರ್ನಡತೆಗಾಗಿ ಸದಸ್ಯತ್ವ ರದ್ದಾಗುವುದು, ಸುಳ್ಳು ಜಾತಿ ಪ್ರಮಾಣಪತ್ರ ಕೊಟ್ಟು ಗೆದ್ದದ್ದು ಸಾಬೀತಾಗುವುದು, ಚುನಾವಣಾ ತಕರಾರು ಅರ್ಜಿಯಲ್ಲಿ ನ್ಯಾಯಾಲಯವು ಆಯ್ಕೆಯನ್ನೇ ಅಸಿಂಧುಗೊಳಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುವ ಸಂಸ್ಥೆಗಳಲ್ಲಿ ಪಕ್ಷಾಂತರವೂ ಒಂದು ಕಾರಣ. ಅದಕ್ಕಾಗಿಯೇ ಕರ್ನಾಟಕದಲ್ಲಿ 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದ್ದರಿಂದ ಅಲ್ಲಿ ಈ ಮಾತೇ ಹುಟ್ಟುವುದಿಲ್ಲ. ಆ ಸದಸ್ಯರು ಯಾವ ಪಕ್ಷದ ಬೆಂಬಲಿಗರೆಂದು ಊರಿಗೆಲ್ಲ ಗೊತ್ತಿದ್ದರೂ ಕಾನೂನಿನ ಕಣ್ಣಿಗೆ ಅವರು ಯಾವ ಪಕ್ಷದವರೂ ಅಲ್ಲ.

ತೆರವಾಗುವುದಕ್ಕೆ ಇನ್ನೊಂದು ದಾರಿಯೂ ಇದೆ: ಸ್ಥಾನ ತುಂಬದೇ ಇರುವುದು. ರಸ್ತೆ ಆಗಲಿಲ್ಲವೆಂದೋ, ತಮ್ಮ ಊರನ್ನು ಬೇರೆ ಪಂಚಾಯಿತಿಗೆ ಸೇರಿಸಿದರೆಂದೋ ಗ್ರಾಮಸ್ಥರು ಚುನಾವಣೆ ಬಹಿಷ್ಕರಿಸಿದಾಗ ಒಂದೂ ನಾಮಪತ್ರ ಬರುವುದಿಲ್ಲ. ಮೀಸಲಾದ ವರ್ಗದ ಅಭ್ಯರ್ಥಿ ಸಿಗದೆ ಸ್ಥಾನ ಹಾಗೆಯೇ ಉಳಿಯುವುದೂ ಉಂಟು.

ತುಂಬುವವರು ಯಾರು

ಸಂವಿಧಾನದ 243ಕೆ ವಿಧಿಯು ಪಂಚಾಯಿತಿ ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ನಗರ ಸ್ಥಳೀಯ ಸಂಸ್ಥೆಗಳಿಗೆ 243ಜೆಡ್‌ಎ ವಿಧಿ ಅದೇ ಮಾತನ್ನು ಹೇಳುತ್ತದೆ. ಶಾಸಕರ, ಸಂಸದರ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ. 1993ರಲ್ಲಿ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದಾಗ ಹುಟ್ಟಿದ ಬೇರೆಯದೇ ಸಂಸ್ಥೆ ಇದು.

ಎರಡೂ ಆಯೋಗಗಳು ಒಂದೇ ಎಂದುಕೊಳ್ಳುವ ಗೊಂದಲದಿಂದಲೇ ಒಂದು ತಪ್ಪು ಕಲ್ಪನೆ ಬೆಳೆದಿದೆ. 'ಆರು ತಿಂಗಳೊಳಗೆ ಉಪಚುನಾವಣೆ ನಡೆಯಲೇಬೇಕು' ಎಂದು ಹಲವರು ಹೇಳುವುದುಂಟು. ಅದು ಪ್ರಜಾಪ್ರತಿನಿಧಿ ಕಾಯ್ದೆ 1951ರ 151ಎ ಕಲಮಿನ ಮಾತು. ಸಂಸತ್ತು ಮತ್ತು ವಿಧಾನಮಂಡಲದ ಸ್ಥಾನಗಳಿಗಷ್ಟೇ ಅನ್ವಯ. ಅಲ್ಲೂ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಉಂಟು. ಪಂಚಾಯಿತಿ, ಪುರಸಭೆಗಳ ಬಿಡಿ ಸ್ಥಾನಗಳ ವಿಚಾರವನ್ನು ಸಂವಿಧಾನವು ರಾಜ್ಯದ ಕಾಯ್ದೆಗಳಿಗೆ ಬಿಟ್ಟಿದೆ. ಹಾಗಾಗಿ ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಪುರಸಭೆ ಮತ್ತು ನಗರಸಭೆಗೆ 1964ರ ಕಾಯ್ದೆ, ಮಹಾನಗರ ಪಾಲಿಕೆಗೆ 1976ರ ಕಾಯ್ದೆ ನೋಡಬೇಕು.

ನಡೆಯುವ ಕ್ರಮ ಸರಳ. ಸ್ಥಾನ ತೆರವಾದುದನ್ನು ಜಿಲ್ಲಾಧಿಕಾರಿ ಆಯೋಗಕ್ಕೆ ವರದಿ ಮಾಡುತ್ತಾರೆ. ಆಯೋಗ ಹಲವು ಜಿಲ್ಲೆಗಳ ಇಂಥ ಸ್ಥಾನಗಳನ್ನು ಒಟ್ಟುಗೂಡಿಸಿ ಒಂದೇ ವೇಳಾಪಟ್ಟಿ ಹೊರಡಿಸುತ್ತದೆ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡ್‌ವಾರು ವಿಂಗಡಿಸಿ ಬಳಸಲಾಗುತ್ತದೆ. ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ. ಹಿಂದಿನವರು ಬಿಟ್ಟುಹೋದ ಅವಧಿಯ ಬಾಕಿಯಷ್ಟೇ ಅವರದು. ಅವಧಿ ಮುಗಿಯಲು ಕೆಲವೇ ತಿಂಗಳಿದ್ದರೆ ಸಾಮಾನ್ಯವಾಗಿ ಉಪಚುನಾವಣೆಯ ಗೋಜಿಗೆ ಹೋಗುವುದಿಲ್ಲ.

ಬಹುಮುಖ್ಯವಾದ ಮಾತು ಮೀಸಲಾತಿಯದು. ಉಪಚುನಾವಣೆಗೆಂದು ಹೊಸ ಮೀಸಲಾತಿ ನಿಗದಿ ಮಾಡುವುದಿಲ್ಲ. ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಗಿದ್ದ ಸ್ಥಾನ ತೆರವಾದರೆ ಅದೇ ಮೀಸಲಾತಿಯಲ್ಲಿ ಚುನಾವಣೆ ನಡೆಯುತ್ತದೆ. ವಾರ್ಡಿನ ಗಡಿಯೂ ಬದಲಾಗುವುದಿಲ್ಲ. ಅಂದರೆ ಆಯೋಗಕ್ಕೆ ಬೇಕಾದ ಗಡಿ, ಮೀಸಲಾತಿ, ಮತದಾರರ ಪಟ್ಟಿ ಮೂರೂ ಮೊದಲೇ ಸಿದ್ಧವಾಗಿರುತ್ತವೆ. ಉಪಚುನಾವಣೆ ಏಕೆ ಸಲೀಸಾಗಿ ನಡೆಯುತ್ತದೆ ಎಂಬುದರ ಗುಟ್ಟು ಇದೇ.

ಎರಡನೆಯವರನ್ನೇ ಮಾಡಿದರೇನು?

ಒಂದು ಸ್ಥಾನಕ್ಕೆ ಇಷ್ಟೆಲ್ಲ ಖರ್ಚು ಏಕೆ, ಹಿಂದಿನ ಚುನಾವಣೆಯಲ್ಲಿ ಎರಡನೇ ಸ್ಥಾನ ಪಡೆದವರನ್ನೇ ಸದಸ್ಯರೆಂದು ಘೋಷಿಸಿಬಿಡಬಹುದಲ್ಲ ಎಂಬ ವಾದವಿದೆ. ಜಗತ್ತಿನಲ್ಲಿ ಬೇರೆ ಬೇರೆ ಪದ್ಧತಿಗಳಿರುವುದು ನಿಜ. ಐರ್ಲೆಂಡಿನಲ್ಲಿ ತೆರವಾದ ಸ್ಥಾನಕ್ಕೆ ಅದೇ ಪಕ್ಷ ಸೂಚಿಸಿದವರನ್ನು ಕೌನ್ಸಿಲ್ ಸೇರಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್‌ಗಳಲ್ಲಿ ಹತ್ತು ಮತದಾರರು ಗಡುವಿನೊಳಗೆ ಬರೆದು ಕೇಳಿದರೆ ಚುನಾವಣೆ, ಇಲ್ಲದಿದ್ದರೆ ಕೌನ್ಸಿಲ್ಲೇ ಒಬ್ಬರನ್ನು ಆರಿಸಿಕೊಳ್ಳುತ್ತದೆ. ನ್ಯೂಜಿಲೆಂಡಿನಲ್ಲಿ ಮುಂದಿನ ಚುನಾವಣೆಗೆ 12 ತಿಂಗಳಿಗಿಂತ ಕಡಿಮೆಯಿದ್ದರೆ ಕೌನ್ಸಿಲ್ ಯಾರನ್ನಾದರೂ ನೇಮಿಸಬಹುದು, ಖಾಲಿಯೂ ಬಿಡಬಹುದು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಹಳೆಯ ಮತಪತ್ರಗಳನ್ನೇ ಮತ್ತೆ ಎಣಿಸುತ್ತಾರೆ.

ಟ್ಯಾಸ್ಮೇನಿಯಾದಲ್ಲಿ ಅದು ಸಾಧ್ಯವಾಗುವುದು ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಕೊಟ್ಟಿರುವುದರಿಂದ. ಮೊದಲ ಆಯ್ಕೆಯವರು ಇಲ್ಲದಿದ್ದರೆ ಆ ಮತ ಯಾರಿಗೆ ಎಂಬುದು ಮತಪತ್ರದಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಇರುವುದು ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿ. ಇಬ್ಬರೇ ಸ್ಪರ್ಧಿಸಿದ ವಾರ್ಡಿನಲ್ಲಿ ಎರಡನೆಯವರೆಂದರೆ ಬಹುಮತ ತಿರಸ್ಕರಿಸಿದ ಅಭ್ಯರ್ಥಿ. ಗೆದ್ದವರು ತೀರಿಕೊಂಡರೆಂಬ ಕಾರಣಕ್ಕೆ ಸೋತವರನ್ನು ಕೂರಿಸಿದರೆ ಆ ಬಹುಮತಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಪಕ್ಷವೇ ಸೂಚಿಸಲಿ ಎನ್ನೋಣವೆಂದರೆ ಗ್ರಾಮ ಪಂಚಾಯಿತಿಯಲ್ಲಿ ಪಕ್ಷವೇ ಇಲ್ಲ. ಆದ್ದರಿಂದ ನಮ್ಮ ವ್ಯವಸ್ಥೆಗೆ ಉಪಚುನಾವಣೆ ಬಿಟ್ಟರೆ ನ್ಯಾಯವಾದ ಬೇರೆ ದಾರಿ ನನಗೆ ಕಾಣುವುದಿಲ್ಲ.

ಪಾಲಿಕೆ, ಪುರಸಭೆಗಳಿಗೆ ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರನ್ನು ಕಂಡು 'ಖಾಲಿ ಸ್ಥಾನ ತುಂಬಿದರು' ಎಂದುಕೊಳ್ಳುವವರೂ ಇದ್ದಾರೆ. ಅವರ ಲೆಕ್ಕವೇ ಬೇರೆ. ಪೌರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಉಳ್ಳವರೆಂದು 243ಆರ್ ವಿಧಿಯಡಿ ಬರುವ ಅವರಿಗೆ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲ. ಯಾವ ವಾರ್ಡನ್ನೂ ಅವರು ಪ್ರತಿನಿಧಿಸುವುದಿಲ್ಲ.

ಒಂದು ಸ್ಥಾನದ ತೂಕ

15 ಸದಸ್ಯರ ಒಂದು ಗ್ರಾಮ ಪಂಚಾಯಿತಿ ಇದೆ ಎಂದುಕೊಳ್ಳಿ. ನಾನೂರು ಜನಸಂಖ್ಯೆಗೊಬ್ಬ ಸದಸ್ಯನೆಂಬ ಲೆಕ್ಕದಲ್ಲಿ ಸುಮಾರು ಆರು ಸಾವಿರ ಜನರ ಪಂಚಾಯಿತಿ. ಎಂಟು ಮಂದಿ ಒಂದು ಬಣ, ಏಳು ಮಂದಿ ಇನ್ನೊಂದು. ಎಂಟರ ಬಣದ ಒಬ್ಬ ಸದಸ್ಯೆ ತೀರಿಕೊಂಡರು. ಈಗ ಏಳು–ಏಳು. ಅದೇ ಹೊತ್ತಿಗೆ ಅಧ್ಯಕ್ಷರ ಆಯ್ಕೆ ಬಂದರೆ ಸಮಬಲವಾಗಿ ಚೀಟಿ ಎತ್ತಬೇಕಾಗುತ್ತದೆ. ಆರು ಸಾವಿರ ಜನರ ಪಂಚಾಯಿತಿಯ ಮತದಾರರು ಮಾಡಿದ ತೀರ್ಮಾನ ಒಂದು ಚೀಟಿಗೆ ಬಂದು ನಿಂತಿತು. ಉಪಚುನಾವಣೆ ಚೀಟಿ ಎತ್ತುವ ಮೊದಲು ನಡೆಯುತ್ತದೋ ಆಮೇಲೆ ನಡೆಯುತ್ತದೋ ಎಂಬುದರ ಮೇಲೆ ಆ ಪಂಚಾಯಿತಿಯ ಅಧಿಕಾರ ಯಾರದೆಂಬುದು ನಿಂತಿರುತ್ತದೆ.

ಅಧ್ಯಕ್ಷ ಹುದ್ದೆ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾಗಿದ್ದು, ಇಡೀ ಪಂಚಾಯಿತಿಯಲ್ಲಿ ಆ ವರ್ಗಕ್ಕೆ ಸೇರಿದವರು ತೀರಿಕೊಂಡ ಆ ಸದಸ್ಯೆ ಒಬ್ಬರೇ ಆಗಿದ್ದರೆ ತೊಡಕು ಇನ್ನೂ ದೊಡ್ಡದು. ಉಳಿದ 14 ಮಂದಿಯಲ್ಲಿ ಯಾರೂ ಅಧ್ಯಕ್ಷರಾಗಲು ಅರ್ಹರಲ್ಲ. ಉಪಾಧ್ಯಕ್ಷರೇ ಪ್ರಭಾರದಲ್ಲಿ ಮುಂದುವರಿಯುತ್ತಾರೆ. ಉಪಚುನಾವಣೆ ತಡವಾದಷ್ಟೂ ಮೀಸಲಾತಿಯ ಉದ್ದೇಶ ಕೈತಪ್ಪುತ್ತದೆ; ಯಾರಿಗೆ ಆ ಕುರ್ಚಿ ಸಿಗಬೇಕೆಂದು ಸಂವಿಧಾನ ಬಯಸಿತೋ ಅವರಿಗೆ ಸಿಗುವುದಿಲ್ಲ. ಅಂಥ ಕಡೆ ನಡೆಯುವ ಉಪಚುನಾವಣೆಯಲ್ಲಿ ಗೆದ್ದವರು ಅಂದೇ ಹೆಚ್ಚುಕಡಿಮೆ ಅಧ್ಯಕ್ಷರಾದಂತೆ. ಹಾಗಾಗಿಯೇ ಕೆಲವು ಪುಟ್ಟ ವಾರ್ಡ್‌ಗಳ ಮೇಲೆ ಇಡೀ ತಾಲ್ಲೂಕಿನ ರಾಜಕಾರಣಿಗಳ ಕಣ್ಣು ಬೀಳುತ್ತದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ವೇಳೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿ 'ಅವಿರೋಧ ಆಯ್ಕೆ' ಮಾಡಿದ ಆರೋಪಗಳು ಕೆಲವೆಡೆ ಕೇಳಿಬಂದಿದ್ದವು. ಒಂದೇ ಸ್ಥಾನದ ಮೇಲೆ ಎಲ್ಲ ಹಣ, ಒತ್ತಡ ಬೀಳುವ ಉಪಚುನಾವಣೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇನ್ನು ಮತದಾರರ ನಷ್ಟ. ವಾರ್ಡ್ ಸಭೆಯ ಅಧ್ಯಕ್ಷತೆ ವಹಿಸಬೇಕಾದವರು ಆ ವಾರ್ಡಿನ ಸದಸ್ಯರು. ಮನೆ ಯಾರಿಗೆ ಬೇಕು, ಯಾವ ಚರಂಡಿ ಮೊದಲು ಆಗಬೇಕು ಎಂಬ ಪಟ್ಟಿ ಅಲ್ಲಿ ಹುಟ್ಟಿ ಗ್ರಾಮಸಭೆಗೆ ಬರುತ್ತದೆ. ಕ್ರಿಯಾಯೋಜನೆ ಮಾಡುವ ದಿನ ನಮ್ಮ ಕೇರಿಯ ಹೆಸರು ಹೇಳುವವರು ಸಭೆಯಲ್ಲಿ ಇಲ್ಲದಿದ್ದರೆ ಆ ವರ್ಷದ ಕಾಮಗಾರಿ ಬೇರೆ ಕೇರಿಗೆ ಹೋಗುತ್ತದೆ. ಸ್ಥಾನವೊಂದು ಖಾಲಿ ಇದೆಯೆಂಬ ಮಾತ್ರಕ್ಕೆ ಪಂಚಾಯಿತಿಯ ನಿರ್ಣಯ ಅಸಿಂಧುವಾಗುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ಆಡಳಿತ ನಿಲ್ಲಬಾರದೆಂಬ ಉದ್ದೇಶಕ್ಕೆ ಅದು ಸರಿ. ಆದರೆ ಇದರಿಂದ ಒಳಗಿರುವ ಯಾರಿಗೂ ಅವಸರವಿರುವುದಿಲ್ಲ. ಕೊರತೆ ಅನುಭವಿಸುವವರು ಆ ಕೇರಿಯವರು ಮಾತ್ರ.

ಸಂಸ್ಥೆಯೇ ಖಾಲಿಯಾದಾಗ

ಈಗ ಮೊದಲ ಪ್ರಶ್ನೆಗೆ ಬರೋಣ. ಇಡೀ ಸಂಸ್ಥೆಯ ವಿಷಯದಲ್ಲಿ ಸಂವಿಧಾನ ಮೌನವಾಗಿಲ್ಲ. ಬಿಡಿ ಸ್ಥಾನಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿದೆ. 243ಇ ವಿಧಿಯ ಪ್ರಕಾರ ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಂಡಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಆಗಬೇಕು. ನಗರ ಸಂಸ್ಥೆಗಳಿಗೆ 243ಯು ವಿಧಿಯಲ್ಲಿ ಇದೇ ನಿಯಮ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ರಾಜ್ಯ ಸರ್ಕಾರ ಸಹಕರಿಸದಿದ್ದರೆ ಆಯೋಗ ನ್ಯಾಯಾಲಯಕ್ಕೆ ಹೋಗಬಹುದೆಂದೂ ತಿಳಿಸಿತು.

ಹಾಗಿದ್ದರೂ ಏಕೆ ತಡ? ಸಾರ್ವತ್ರಿಕ ಚುನಾವಣೆಗೆ ಹೊಸ ಗಡಿ ಮತ್ತು ಹೊಸ ಮೀಸಲಾತಿ ಪಟ್ಟಿ ಬೇಕು. ಚುನಾವಣೆ ನಡೆಸುವುದು ಆಯೋಗ, ಆದರೆ ಈಗ ಈ ಎರಡು ಕಾಗದಗಳು ಬರಬೇಕಾದದ್ದು ಸರ್ಕಾರದ ಕಡೆಯಿಂದ. ಅವು ಬರದಿದ್ದರೆ ಆಯೋಗದ ಕೈ ಕಟ್ಟಿದಂತೆ. ಗಡುವು ಒಬ್ಬರಿಗೆ, ಕೀಲಿಕೈ ಇನ್ನೊಬ್ಬರ ಬಳಿ. ಇಡೀ ಸಮಸ್ಯೆಯ ಬೇರು ಇಲ್ಲಿದೆ.

ಜಿಲ್ಲಾ ಪಂಚಾಯಿತಿಗಳ ಕಥೆ ನೋಡಿ. 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ರಾಜ್ಯ ಚುನಾವಣಾ ಆಯೋಗವೇ ಕ್ಷೇತ್ರಗಳ ಗಡಿ ನಿಗದಿ ಮಾಡಿತ್ತು, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅದೇ ವರ್ಷ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಗಡಿ ನಿಗದಿಯ ಅಧಿಕಾರವನ್ನು ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಮಾಡಿದ ಕೆಲಸವೆಲ್ಲ ವ್ಯರ್ಥವಾಗಿ ಮೊದಲಿನಿಂದ ಶುರುವಾಯಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಆಡಳಿತಾಧಿಕಾರಿಗಳು ಬಂದು ಕುಳಿತರು.

ಬೆಂಗಳೂರಿನಲ್ಲೂ ನಡೆದದ್ದು ಇಂಥದ್ದೇ. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಗ ವಾರ್ಡ್‌ಗಳು 198. ಆಮೇಲೆ ಅವನ್ನು 243 ಮಾಡಲಾಯಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ 225 ಆಯಿತು. ಪ್ರತಿ ಸಲ ಸಂಖ್ಯೆ ಬದಲಾದಾಗಲೂ ಗಡಿ ಹೊಸದು, ಮೀಸಲಾತಿ ಹೊಸದು, ಆಕ್ಷೇಪಣೆ ಹೊಸದು, ದಾವೆ ಹೊಸದು. ಹೀಗೆ ಒಂದು ಕೌನ್ಸಿಲ್‌ನ ಪೂರ್ತಿ ಅವಧಿಯಷ್ಟು, ಅಂದರೆ ಐದು ವರ್ಷ, ಚುನಾಯಿತ ಸದಸ್ಯರೇ ಇಲ್ಲದೆ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೇ?

ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟೇ ಮೂರು ಹಂತದ ಪರೀಕ್ಷೆ ವಿಧಿಸಿದೆ. ಆಯೋಗ ರಚಿಸಿ ಆಯಾ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಹಿಂದುಳಿದಿರುವಿಕೆಯ ಅಧ್ಯಯನ ನಡೆಸಬೇಕು, ಅದರ ಆಧಾರದ ಮೇಲೆ ಪ್ರಮಾಣ ನಿಗದಿಪಡಿಸಬೇಕು, ಒಟ್ಟು ಮೀಸಲಾತಿ ಶೇ 50 ಮೀರಬಾರದು. 2010ರ ಕೆ. ಕೃಷ್ಣಮೂರ್ತಿ ತೀರ್ಪಿನ ಈ ತತ್ವವನ್ನು 2021ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಕೋರ್ಟ್ ಕಡ್ಡಾಯಗೊಳಿಸಿತು. ಕರ್ನಾಟಕ ಇದಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ರಚಿಸಬೇಕಾಯಿತು. ಅಧ್ಯಯನವಿಲ್ಲದೆ ಚುನಾವಣೆಗೆ ಹೋದರೆ ಹಿಂದುಳಿದ ವರ್ಗಗಳು ಮೀಸಲು ಸ್ಥಾನ ಕಳೆದುಕೊಳ್ಳುತ್ತವೆ ಎಂಬ ಆತಂಕ ಪ್ರಾಮಾಣಿಕವಾದದ್ದು. ಮೀಸಲಾತಿ ಇರುವುದರಿಂದಲೇ ಪಂಚಾಯಿತಿ ಮೆಟ್ಟಿಲು ಹತ್ತಿದ ಸಾವಿರಾರು ಕುಟುಂಬಗಳಿವೆ.

ಆದರೆ ಅದೇ ಸುಪ್ರೀಂ ಕೋರ್ಟ್ 2022ರ ಮೇ 10ರಂದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಈ ವಾದಕ್ಕೆ ಮಿತಿ ಹಾಕಿತು. ಆ ರಾಜ್ಯದಲ್ಲಿ ಆಗ 23 ಸಾವಿರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು ಚುನಾಯಿತ ಪ್ರತಿನಿಧಿಗಳಿಲ್ಲದೆ ನಡೆಯುತ್ತಿದ್ದವು. ಗಡಿ ನಿಗದಿ ಮುಗಿದಿಲ್ಲ ಎಂಬುದಾಗಲಿ, ಮೂರು ಹಂತದ ಪರೀಕ್ಷೆ ಪೂರ್ಣಗೊಂಡಿಲ್ಲ ಎಂಬುದಾಗಲಿ ಚುನಾವಣೆ ಮುಂದೂಡಲು ಕಾರಣವಾಗದು. ಈಗಾಗಲೇ ಇರುವ ಗಡಿಗಳ ಮೇಲೆ ಚುನಾವಣೆ ನಡೆಸಿ ಎಂದು ಆದೇಶಿಸಿತು. ಈ ಮಾತು ಉಳಿದ ರಾಜ್ಯಗಳಿಗೂ ಅನ್ವಯ ಎಂದು ಸೇರಿಸಿತು. ಅಧ್ಯಯನಕ್ಕೆ ಸಮಯ ಬೇಕು, ನಿಜ. ಆದರೆ ಅವಧಿ ಯಾವ ದಿನ ಮುಗಿಯುತ್ತದೆಂದು ಸರ್ಕಾರಕ್ಕೆ ಐದು ವರ್ಷ ಮೊದಲೇ ಗೊತ್ತಿರುತ್ತದೆ. ಸಾವಿನಂತೆ ಇದು ಹೇಳದೆ ಕೇಳದೆ ಬರುವುದಲ್ಲ.

ಖಾಲಿತನದ ಬೆಲೆ

ಹಣದ ನಷ್ಟ ಮೊದಲಿನದು. 15ನೇ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಚುನಾಯಿತ ಆಡಳಿತ ಇರಬೇಕೆಂಬ ಷರತ್ತು ಹಾಕಿತು. ಚುನಾವಣೆ ನಡೆಯದ ಕಡೆ ಕೇಂದ್ರದ ಹಣ ತಡೆಹಿಡಿಯಲ್ಪಡುತ್ತದೆ. ತಡ ಮಾಡಿದ್ದು ರಾಜಧಾನಿ, ಹಣ ಕಳೆದುಕೊಂಡದ್ದು ತಾಲ್ಲೂಕು.

ಎರಡನೆಯ ಪರಿಣಾಮ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಂದ ಆಯ್ಕೆಯಾಗುತ್ತವೆ. 2021ರ ಡಿಸೆಂಬರ್ 10ರಂದು ಆ 25 ಸ್ಥಾನಗಳಿಗೆ ಮತದಾನ ನಡೆದಾಗ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರು ಯಾರೂ ಮತಪಟ್ಟಿಯಲ್ಲಿ ಇರಲಿಲ್ಲ, ಬಿಬಿಎಂಪಿ ಸದಸ್ಯರೂ ಇರಲಿಲ್ಲ. ಹಾಗೆ ಆಯ್ಕೆಯಾದವರ ಅವಧಿ ಆರು ವರ್ಷ. ಕೆಳಗೆ ಖಾಲಿಯಾದ ಕುರ್ಚಿಗಳು ಮೇಲ್ಮನೆಯಲ್ಲಿ ಕೂರುವವರು ಯಾರೆಂಬುದನ್ನೂ ತೀರ್ಮಾನಿಸಿದವು.

ಗ್ರಾಮ ಪಂಚಾಯಿತಿಗಳ ಅನುಭವವೂ ಎದುರಿಗಿದೆ. 2020ರ ಮಧ್ಯಭಾಗದಲ್ಲಿ ಅವಧಿ ಮುಗಿದು, ಕೋವಿಡ್ ಕಾರಣಕ್ಕೆ ಚುನಾವಣೆ ಮುಂದಕ್ಕೆ ಹೋಗಿ, ಆಡಳಿತಾಧಿಕಾರಿಗಳು ಬಂದರು. ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ 5,700ಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಮತದಾನ ನಡೆಯಿತು. ಸಾಂಕ್ರಾಮಿಕದ ನಡುವೆಯೂ ಅದು ಸಾಧ್ಯವಾಯಿತು, ಏಕೆಂದರೆ ಗಡಿ, ಮೀಸಲಾತಿ ಕೈಯಲ್ಲಿದ್ದವು. ಆಗ ಗೆದ್ದವರ ಐದು ವರ್ಷ ಮೊದಲ ಸಭೆಯ ದಿನದಿಂದ ಎಣಿಕೆಯಾಗುವುದರಿಂದ ಒಂದೊಂದು ಪಂಚಾಯಿತಿಯ ಅವಧಿ ಒಂದೊಂದು ದಿನ ಮುಗಿಯುತ್ತದೆ. ಪಕ್ಕದ ಪಂಚಾಯಿತಿಗೆ ಆಡಳಿತಾಧಿಕಾರಿ ಬಂದಿದ್ದರೂ ನಮ್ಮದಕ್ಕೆ ಇನ್ನೂ ಅಧ್ಯಕ್ಷರಿರುವುದು ಏಕೆಂಬ ಗೊಂದಲಕ್ಕೆ ಕಾರಣ ಇದು.

ತಿದ್ದಬೇಕಾದದ್ದು ಎಲ್ಲಿ

ಬಿಡಿ ಸ್ಥಾನಗಳ ವಿಚಾರದಲ್ಲಿ ದೊಡ್ಡ ತಿದ್ದುಪಡಿ ಬೇಕಾಗಿಲ್ಲ. ಸ್ಥಾನ ತೆರವಾದ ಇಷ್ಟು ದಿನಗಳೊಳಗೆ ಆಯೋಗಕ್ಕೆ ವರದಿ ಹೋಗಬೇಕು, ಅದರ ಪ್ರತಿಯನ್ನು ಪಂಚಾಯಿತಿ ಕಚೇರಿಯ ಫಲಕಕ್ಕೆ ಅಂಟಿಸಬೇಕು ಎಂಬ ನಿಯಮವಿದ್ದರೆ ವಾರ್ಡಿನ ಜನ ತಾವೇ ದಿನ ಎಣಿಸಿ ಕೇಳಬಹುದು. ಇಂಗ್ಲೆಂಡಿನ ಹತ್ತು ಮತದಾರರ ಪತ್ರದ ಪದ್ಧತಿಯಿಂದ ಎರವಲು ಪಡೆಯಬಹುದಾದದ್ದು ಈ ಕೇಳುವ ಹಕ್ಕನ್ನೇ.

ಇಡೀ ಸಂಸ್ಥೆಯ ವಿಚಾರದಲ್ಲಿ ಗಡಿ ಮತ್ತು ಮೀಸಲಾತಿ ಪಟ್ಟಿಗೂ ಪ್ರತ್ಯೇಕ ಗಡುವು ಬೇಕು. ಅವಧಿ ಮುಗಿಯುವ ಆರು ತಿಂಗಳ ಮೊದಲು ಎಂದಿಟ್ಟುಕೊಳ್ಳೋಣ. ಆ ದಿನ ದಾಟಿದರೆ ಹಳೆಯ ಗಡಿಯ ಮೇಲೆಯೇ ಆಯೋಗ ಅಧಿಸೂಚನೆ ಹೊರಡಿಸಲು ಕಾಯ್ದೆಯೇ ಅನುವು ಮಾಡಿಕೊಡಬೇಕು. ಆಯೋಗ ಪ್ರತಿ ಸಲ ಹೈಕೋರ್ಟಿಗೆ ಅಲೆಯಬೇಕಾಗಿ ಬರಬಾರದು. ಸುರೇಶ್ ಮಹಾಜನ್ ಆದೇಶದಲ್ಲಿ ಇರುವುದನ್ನೇ ಕಾಯ್ದೆಯ ಒಂದು ಕಲಮಾಗಿ ಬರೆದುಕೊಳ್ಳುವ ಕೆಲಸ ಇದು. ಅದನ್ನು ಮಾಡಬೇಕಾದ ಶಾಸಕರಿಗೆ ತಾಲ್ಲೂಕಿನಲ್ಲಿ ಚುನಾಯಿತ ಪ್ರತಿಸ್ಪರ್ಧಿಗಳು ಇಲ್ಲದಿರುವುದೇ ಅನುಕೂಲ ಎಂಬ ಅನುಮಾನ ಗಟ್ಟಿಯಾಗಿದೆ. ಹಾಗಾಗಿ ಈ ಬೇಡಿಕೆ ವಿಧಾನಸೌಧದ ಒಳಗಿನಿಂದ ತಾನಾಗಿ ಹುಟ್ಟುವ ಸಾಧ್ಯತೆ ಕಡಿಮೆ. ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಮತ ಕೇಳಿಕೊಂಡು ಬರುವವರ ಮುಂದೆ, ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು ಎಂಬ ಪ್ರಶ್ನೆಯನ್ನು ಊರಿನವರೇ ಇಡಬೇಕಾಗುತ್ತದೆ.